ಕೊಳೆಯದ ರಿಬ್ಬನ್ನು

ಬಚ್ಚಲುಮನೆಗೆ ಕಾರ್ಪೆಟ್ಟು ಹಾಸುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ನನಗೆ ಗೊತ್ತಾದದ್ದು ಐರ್ಲೆಂಡಿನ ಒಂದು ಸಣ್ಣ ಹಳ್ಳಿಯಲ್ಲಿ. ಗುಲಾಬಿ ಬಣ್ಣದ ಕಾರ್ಪೆಟ್ಟು, ಕಕ್ಕಸಿನ ಬುಡವನ್ನೂ ಬಿಡದೆ ಸುತ್ತ ಕತ್ತರಿಸಿ ಹಾಸಿದ್ದರು. ಕಾಲಿಟ್ಟರೆ ಒದ್ದೆ. ನನಗಿಂತ ಮೊದಲು ಎಷ್ಟು ಜನರ ಮೈಮೇಲಿನ ನೀರು ಕುಡಿದಿತ್ತೋ ಅದು. ಬಾಗಿಲಲ್ಲೇ ನಿಂತು ನಂಜುಂಡೇಶ್ವರನನ್ನು ನೆನೆದೆ. ಸೂಟ್‌ಕೇಸಿನಲ್ಲಿ ಹವಾಯಿ ಚಪ್ಪಲಿ ಇತ್ತು. ಅದೊಂದು ಉಪಕಾರ ಎಂದು ಆ ದಿನದ ಲೆಕ್ಕಕ್ಕೆ ಸೇರಿಸಿಕೊಂಡೆ.

ಈ ಲೆಕ್ಕ ನನ್ನ ತಾಯಿ ಕಲಿಸಿದ್ದು. ಸಂಜೆ ದೀಪ ಹಚ್ಚುವಾಗ ದೇವರು ಆ ದಿನ ಮಾಡಿದ ಸಣ್ಣ ಸಣ್ಣ ಉಪಕಾರಗಳನ್ನು ಹೇಳಿಕೊಳ್ಳಬೇಕು. ದೊಡ್ಡದನ್ನು ಎಲ್ಲರೂ ನೆನೆಯುತ್ತಾರೆ, ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ನಮ್ಮ ಕಣ್ಣನ್ನು ಒಲೆಯ ಕಡೆ ತಿರುಗಿಸಿದನಲ್ಲ, ಅದನ್ನು ಯಾರು ನೆನೆಯುತ್ತಾರೆ ಎನ್ನುತ್ತಿದ್ದರು. ನಾನು ಇವತ್ತಿಗೂ ಬಿಟ್ಟಿಲ್ಲ. ಆದರೆ ಆ ಹಳ್ಳಿಯಲ್ಲಿದ್ದ ಮೂರು ದಿನ ಉಪಕಾರಗಳನ್ನು ಹುಡುಕಿ ಹುಡುಕಿ ತರಬೇಕಾಯಿತು. ಹೇಸಿಗೆಗಳು ಮಾತ್ರ ತಾವಾಗಿಯೇ ಸಾಲುಗಟ್ಟಿ ಬರುತ್ತಿದ್ದವು.

ನಾನು ಅಲ್ಲಿಗೆ ಹೋದದ್ದು ಊರು ನೋಡುವ ಆಸೆಗಲ್ಲ. ಎಂಬತ್ತರ ದಶಕದ ನಡುವಿನ ಮಾತು. ನಾವು ಆಗ ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫಾಸ್ಟರ್ ಸಿಟಿಯಲ್ಲಿದ್ದೆವು. ಮನೆಯ ಹಿಂದೆಯೇ ಲಗೂನು ಎಂಬ ತೋಡಿದ ಕೆರೆಯ ನೀರು. ಬಂದವರೆಲ್ಲ ಎಂಥ ಚೆಂದ ಎನ್ನುವರು, ಬೇಸಿಗೆಯಲ್ಲಿ ಅದರ ಪಾಚಿಯ ನಾತಕ್ಕೆ ಅಡುಗೆಮನೆಯ ಕಿಟಕಿ ಮುಚ್ಚಿಕೊಳ್ಳುವವಳು ನಾನು. ಪಕ್ಕದ ಮನೆಯಲ್ಲಿ ಒಬ್ಬ ಐರಿಷ್ ಅಜ್ಜ, ಒಬ್ಬ ಅಜ್ಜಿ. ಇಬ್ಬರೂ ಒಂದೇ ಹಳ್ಳಿಯವರು. ಹರೆಯದಲ್ಲಿ ಬಂದವರು. ಅಜ್ಜ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೀವನವಿಡೀ ಕೊಳಾಯಿ ರಿಪೇರಿ ಮಾಡಿ ರಿಟೈರಾಗಿದ್ದರು. ದೊಡ್ಡ ಬಾಯಿಯ ಮನುಷ್ಯ. ಬೆಳಿಗ್ಗೆ ನಾನು ತುಳಸಿಗೆ ನೀರು ಹಾಕುವಾಗ ಬೇಲಿಯ ಆಚೆಯಿಂದ, “ಏನಮ್ಮ, ಇವತ್ತು ನಿಮ್ಮ ದೇವರು ಎದ್ದನಾ?” ಎಂದು ಕೂಗುತ್ತಿದ್ದರು. “ನಿಮಗಿಂತ ಮೊದಲೇ ಎದ್ದಿದ್ದಾನೆ,” ಎನ್ನುತ್ತಿದ್ದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆದದ್ದು, ನನ್ನದು ಹರಕುಮುರುಕು, ಅವರದು ಅರ್ಧ ನುಂಗಿದ್ದು. ನನಗೆ ನೆನಪಾಗುವುದು ಮಾತ್ರ ಕನ್ನಡದಲ್ಲಿ.

ಆ ಅಜ್ಜನಿಗೆ ಲಕ್ವ ಹೊಡೆಯಿತು. ಕೈಕಾಲು ಅಷ್ಟಿಷ್ಟು ಚೇತರಿಸಿದವು, ಮಾತು ಹೋಯಿತು. ಕಣ್ಣು ಎಲ್ಲವನ್ನೂ ಹೇಳುತ್ತಿತ್ತು, ಬಾಯಿಂದ ಜೊಲ್ಲು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಡಾಕ್ಟರು ವ್ಯಾಯಾಮ ಹೇಳಿಕೊಟ್ಟರು, ಒಬ್ಬಳು ಹುಡುಗಿ ಮನೆಗೇ ಬಂದು ಚಿತ್ರ ತೋರಿಸಿ ಮಾತು ಕಲಿಸುತ್ತಿದ್ದಳು. ತಿಂಗಳುಗಳು ಕಳೆದವು. ಅಜ್ಜಿಗೆ ಆ ಸದ್ದಿಲ್ಲದ ಮನೆಯಲ್ಲಿ ಕೂರಲಾಗುತ್ತಿರಲಿಲ್ಲ. ಬೇಲಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

ಒಂದು ದಿನ ಅಲ್ಲಿಂದಲೇ ಕೇಳಿದರು, “ನಮ್ಮೂರಲ್ಲಿ ಒಂದು ಬಾವಿ ಇದೆ. ಸಂತ ಹೆಂಗಸೊಬ್ಬಳ ಹೆಸರಿನ ಬಾವಿ. ಪಕ್ಕದಲ್ಲಿ ಮುಳ್ಳಿನ ಮರ. ಕಾಯಿಲೆಯವರ ಬಟ್ಟೆಯಿಂದ ಒಂದು ಚೂರು ಹರಿದು ಆ ನೀರಿನಲ್ಲಿ ಅದ್ದಿ ಮರಕ್ಕೆ ಕಟ್ಟಿದರೆ, ಬಟ್ಟೆ ಕೊಳೀತಾ ಬಂದ ಹಾಗೆ ಕಾಯಿಲೆ ಹೋಗುತ್ತೆ. ನಿನಗೂ ನಗು ಬರುತ್ತಾ?”

ನನಗೆ ಯಾಕೆ ನಗು ಬರಬೇಕು? “ನಮ್ಮಲ್ಲಿ ಅದನ್ನ ಹರಕೆ ಅಂತೀವಿ ಅಜ್ಜಿ,” ಎಂದೆ. ಮನೆಯಲ್ಲಿ ಮುಡಿಪು ಕಟ್ಟಿಡುವುದನ್ನು ಹೇಳಿದೆ. ಹೇಳಿದ ಮೇಲೆ ನನಗೆ ತಿಳಿದ ಬುದ್ಧಿಯನ್ನೂ ಹೇಳಿದೆ. “ಒಂದು ಹೊಸ ಬಟ್ಟೆ ತಗೊಳ್ಳಿ. ಒಗೆದು, ಅರಿಸಿನದಲ್ಲಿ ಅದ್ದಿ ಒಣಗಿಸಿ ಕೊಡ್ತೀನಿ.”

“ಬೇಡ ಬೇಡ. ಮೈಮೇಲೆ ಹಾಕಿದ್ದೇ ಆಗಬೇಕು. ಒಗೀಬಾರದು.”

ನನಗೆ ಅಲ್ಲೇ ಮೈ ಜುಮ್ಮೆಂದಿತು. ದೇವರಿಗೆ ಯಾರಾದರೂ ಕೊಳೆ ಬಟ್ಟೆ ಕೊಡುತ್ತಾರೆಯೇ? ಚಿಕ್ಕಂದಿನಲ್ಲಿ ನಂಜನಗೂಡಿಗೆ ಹೋದಾಗ ಕಪಿಲೆಯಲ್ಲಿ ಮುಳುಗಿದರೆ ಯಾರೋ ಮಿಂದು ಬಿಟ್ಟ ಬಟ್ಟೆ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಲೋಳೆಲೋಳೆಯಾಗಿ, ಜೀವ ಇರುವ ಹಾಗೆ. ನಾನು ಕಿರುಚುತ್ತಿದ್ದೆ. ಯಾರದೋ ರೋಗ ಬಿಟ್ಟು ಹೋಗಿದ್ದಾರೆ, ಒದರಿಕೊಂಡು ಬಾ ಎಂದು ಅಮ್ಮ ಗದರುತ್ತಿದ್ದರು. ಆ ಲೋಳೆ ಅಷ್ಟು ವರ್ಷದ ಮೇಲೆ ಬೇಲಿಯ ಹತ್ತಿರ ಮತ್ತೆ ಕಾಲಿಗೆ ತಾಗಿದಂತಾಯಿತು.

ಆ ಬೇಸಿಗೆಗೆ ನಾನು ತಂಗಿಯ ಮದುವೆಗೆಂದು, ಮಗಳನ್ನು ಮನೆಯವರ ಬಳಿ ಬಿಟ್ಟು, ಮೈಸೂರಿಗೆ ಹೊರಟಿದ್ದೆ, ಲಂಡನ್ನಿನ ಮೇಲೆ. ಅಜ್ಜಿಗೆ ಅದು ಗೊತ್ತಿತ್ತು. ಮಂಡಿನೋವು, ಒಬ್ಬರೇ ಹೋಗುವ ಧೈರ್ಯವಿಲ್ಲ. ಬಾಯಿಬಿಟ್ಟು ಕೇಳಲಿಲ್ಲ, ನನ್ನನ್ನೇ ನೋಡುತ್ತ ನಿಂತರು. ಮನೆಯವರಿಗೆ ಹೇಳಿದೆ.

“ನಿಂಗ್ಯಾಕೆ ಊರ ಉಸಾಬರಿ? ಲಂಡನ್ನಲ್ಲಿ ಪ್ಲೇನು ಬದಲಾಯಿಸಿ ಸುಮ್ನೆ ಹೋಗೋದ್ ಬಿಟ್ಟು.”

“ಅವರ ಮಗಳೇ ಬರಲ್ಲ ಅಂದ್ಲಂತೆ ರೀ. ಡ್ಯಾನ್‌ವಿಲ್ಲಿಂದ ಬಂದು ಅಪ್ಪನ್ನ ನೋಡ್ಕೋತೀನಿ, ಆದ್ರೆ ಈ ಸೂಪರ್‌ಸ್ಟಿಷನ್ನಿಗೆಲ್ಲ ನನ್ನ ಕರೀಬೇಡ ಅಂದ್ಲಂತೆ.”

“ಸರಿಯಾಗೇ ಹೇಳಿದಾಳೆ.”

“ಹಾಗಾದ್ರೆ ನಿಮ್ಗೆ ಗ್ರೀನ್ ಕಾರ್ಡು ಬರ್ಲಿ ಅಂತ ನಿಮ್ಮಮ್ಮ ಉರುಳುಸೇವೆ ಹರಕೆ ಹೊತ್ರಲ್ಲ, ಅದೇನು, ಸೈನ್ಸಾ?”

ಪೇಪರು ಮಡಿಸಿದರು. “ಸ್ವೆಟರ್ ತಗೊಂಡ್ ಹೋಗು, ಅಲ್ಲಿ ಚಳಿ,” ಎಂದರು. ಅಷ್ಟರಲ್ಲಿ ನಮ್ಮ ಪಾಸ್‌ಪೋರ್ಟೂ ಅಮೆರಿಕದ್ದಾಗಿತ್ತು, ವೀಸಾದ ತೊಂದರೆಯೂ ಇರಲಿಲ್ಲ.

ಅಜ್ಜನ ಬೆವರಿನ ಅಂಗಿಯ ಚೂರನ್ನು ಅಜ್ಜಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕೈಚೀಲಕ್ಕೆ ಹಾಕಿಕೊಂಡರು. ವಿಮಾನದಲ್ಲಿ ಅದೇ ಚೀಲದಿಂದ ಬಿಸ್ಕತ್ತು ತೆಗೆದು ಕೊಟ್ಟರು. ಹಸಿವಿಲ್ಲ ಎಂದೆ.

ಇಳಿದುಕೊಂಡದ್ದು ತನ್ನ ಮನೆಯಲ್ಲೇ ಕೋಣೆಗಳನ್ನು ಬಾಡಿಗೆಗೆ ಕೊಡುವ ಒಬ್ಬ ಹೆಂಗಸಿನ ಬಳಿ. ಕಾರ್ಪೆಟ್ಟಿನ ಬಚ್ಚಲಿನ ಮನೆ ಅದೇ. ಮನೆಯೊಡತಿ ಒಳ್ಳೆಯ ಉತ್ಸಾಹದ ಹೆಂಗಸು, ಕೆಟ್ಟವಳಲ್ಲ. ಆದರೆ ಅವಳ ಒದ್ದೆ ನಾಯಿ ಸೋಫಾದ ಮೇಲೆ ಮಲಗುತ್ತಿತ್ತು, ಊಟವಾದ ಮೇಲೆ ತಟ್ಟೆಗಳನ್ನು ಮೊದಲು ನೆಕ್ಕುತ್ತಿತ್ತು, ಆಮೇಲೆ ಅವಳು ತೊಳೆಯುತ್ತಿದ್ದಳು. ಬೆಳಗಾದರೆ ಹಂದಿಯ ಕೊಬ್ಬು ಹುರಿಯುವ ವಾಸನೆ ಮಹಡಿ ಹತ್ತಿ ಬಂದು ಹೊದಿಕೆಯೊಳಗೆ ಸೇರುತ್ತಿತ್ತು. ತಟ್ಟೆಯಲ್ಲಿ ಕಪ್ಪು ಬಿಲ್ಲೆಗಳಿದ್ದವು. ಏನೆಂದು ಕೇಳಿದೆ, ಕೇಳಬಾರದಿತ್ತು. ಹಂದಿಯ ರಕ್ತ ಹೆಪ್ಪುಗಟ್ಟಿಸಿ ಮಾಡಿದ್ದಂತೆ. ಅದೇ ಬಾಣಲೆಗೆ ನನ್ನ ಆಲೂಗಡ್ಡೆ ಹಾಕಲು ಹೊರಟಿದ್ದಳು. ಕೈ ಹಿಡಿದು ತಡೆದೆ. ಬೇರೆ ಪಾತ್ರೆಯಲ್ಲಿ ನೀರಿಗೆ ಹಾಕಿ ಬೇಯಿಸಿ ಕೊಟ್ಟಳು. ಉಪ್ಪು, ನಾನು ತಂದಿದ್ದ ಚಟ್ನಿಪುಡಿ. ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡೆ. ಲೋಟವನ್ನು ಮಾತ್ರ ಪ್ರತಿಸಲ ನಾನೇ ಇನ್ನೊಮ್ಮೆ ತೊಳೆದು ಕುಡಿಯುತ್ತಿದ್ದೆ. ಅವಳು ನೋಡಿದಳು.

ಅವಳೇ ಆ ಊರಿನ ಪರಂಪರೆಯ ಕಮಿಟಿಯ ಸೆಕ್ರೆಟರಿ. ಅಮೆರಿಕದಿಂದ ಬೇರು ಹುಡುಕಿಕೊಂಡು ಬರುವವರಿಗೆ ತೋರಿಸಲೆಂದು ಊರಿನಲ್ಲಿದ್ದ ಹಳೆಯದನ್ನೆಲ್ಲ ರಿಪೇರಿ ಮಾಡಿಸಿದ್ದರು. ಒಂದೇ ಬೀದಿಯ ಊರು. ಆ ತುದಿಯಲ್ಲಿ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿ, ಈ ತುದಿಯಲ್ಲಿ ಹುಲ್ಲಿನ ಸೂರಿನ ಬಡವರ ಮನೆ, ಊರಾಚೆ ಬಾವಿ. “ಬಾವಿ ಕೊನೆಗೆ,” ಎಂದಳು ಮನೆಯೊಡತಿ. “ಎಲ್ಲಾ ಕ್ರಮವಾಗಿ ನೋಡಬೇಕು.”

ಆ ಹುಲ್ಲುಮನೆ ಅಜ್ಜಿಗೆ ಗೊತ್ತಿದ್ದ ಮನೆಯೇ. ಹುಡುಗಿಯಾಗಿದ್ದಾಗ ಅಲ್ಲಿದ್ದ ಮುದುಕಿಯ ಹತ್ತಿರ ಮಜ್ಜಿಗೆಗೆ ಹೋಗುತ್ತಿದ್ದರಂತೆ. ಒಳಗೆ ಹೋದರೆ ಮುಗ್ಗುಲು ವಾಸನೆ, ಅದರ ಮೇಲೆ ನಿಂಬೆಯ ಸೆಂಟಿನದು. ಅಲ್ಲಿಯವರು ಸೌದೆಯ ಹಾಗೆ ಉರಿಸುವ ಜೌಗುಮಣ್ಣಿನ ಒಣ ಇಟ್ಟಿಗೆಗಳನ್ನು ಒಲೆಯಲ್ಲಿ ಜೋಡಿಸಿ ಕೆಳಗೆ ಕೆಂಪು ಬಲ್ಬು ಇಟ್ಟಿದ್ದರು. ಒಲೆಯ ಪಕ್ಕ ಮೇಣದ ಮುದುಕಿಯೊಬ್ಬಳನ್ನು ಕೂರಿಸಿದ್ದರು, ತಲೆಗೆ ನುಸಿ ಹಿಡಿದ ಕೂದಲು. ಮನೆಯೊಡತಿ ಗುಂಡಿ ಒತ್ತಿದಳು. ಎಲ್ಲೋ ಕ್ಯಾಸೆಟ್ಟು ತಿರುಗಿ ಕೋಳಿ ಕೂಗಿತು, ಮಗು ಅತ್ತಿತು. ಆ ಮುದುಕಿಯ ಗಾಜಿನ ಕಣ್ಣಿನ ಮೇಲೆ ಸತ್ತ ನೊಣವೊಂದು ಅಂಟಿತ್ತು. ಬದುಕಿ ಬಾಳಿದ ಹೆಂಗಸನ್ನು ಹೀಗೆ ಬೊಂಬೆ ಮಾಡಿ ಕೂರಿಸುವುದೇ? ನಮ್ಮಲ್ಲಿ ಸತ್ತವರಿಗೆ ಎಡೆ ಇಟ್ಟು ಹೋಗಿ ಬನ್ನಿ ಎನ್ನುತ್ತೇವೆ, ಬೀಗ ಹಾಕಿ ಇಟ್ಟುಕೊಳ್ಳುವುದಿಲ್ಲ.

ಅಜ್ಜಿ ಮಾತ್ರ ಬೊಂಬೆಯ ಬಾಯೊಳಗೆ ಬಗ್ಗಿ ನೋಡಿದರು. “ಅವಳಿಗೆ ಒಂದು ಹಲ್ಲೂ ಇರಲಿಲ್ಲ. ಇವಳಿಗೆ ಬಾಯಿತುಂಬ ಕೊಟ್ಟಿದೀರಲ್ಲ!”

“ನೋಡೋಕೆ ಚೆನ್ನಾಗಿರಲಿ ಅಂತ,” ಎಂದಳು ಮನೆಯೊಡತಿ.

ಗಿರಣಿಯನ್ನೂ ನೋಡಿದೆವು. ಚಕ್ರಕ್ಕೆ ಹಸಿರು ಬಣ್ಣ ಬಳಿದಿದ್ದರು, ಹಿಟ್ಟು ಬೀಸುತ್ತಿರಲಿಲ್ಲ. ಅಜ್ಜಿ ಆ ಹೊತ್ತಿಗೆ ಏನನ್ನೂ ನೋಡುತ್ತಿರಲಿಲ್ಲ, ಕೈಚೀಲವನ್ನು ಎದೆಗೆ ಅವುಚಿಕೊಂಡು ಬಾವಿಯ ದಾರಿ ನೋಡುತ್ತಿದ್ದರು.

ಬಾವಿಗೆ ಹೊರಡುವಾಗ ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮರದ ತುಂಬ ಚಿಂದಿ, ಕೀವು ಅಂಟಿದ ಬ್ಯಾಂಡೇಜು, ಮಕ್ಕಳ ಕಾಲುಚೀಲ, ಎಲ್ಲ ಕೊಳೆತು ಜೋತಾಡುತ್ತಿರುತ್ತವೆ ಎಂದು ಅಜ್ಜಿ ಮೊದಲೇ ಹೇಳಿದ್ದರು. ಸೆರಗನ್ನು ಮೂಗಿಗೆ ಸಿದ್ಧ ಮಾಡಿಕೊಂಡೇ ಹೋದೆ.

ಹೋಗಿ ನೋಡಿದರೆ ಅಂಥದ್ದೇನೂ ಇಲ್ಲ. ಬಾವಿಯ ಸುತ್ತ ಸಿಮೆಂಟಿನ ಕಟ್ಟೆ, ಬೆಂಚು, ಮರದ ಸುತ್ತ ಕಬ್ಬಿಣದ ಬೇಲಿ. ಮರದ ಕೊಂಬೆಕೊಂಬೆಗೂ ಒಂದೇ ಅಳತೆಯ ರಿಬ್ಬನ್ನು, ಹಸಿರು, ಬಿಳಿ, ಕಿತ್ತಳೆ, ಒಂದಾದ ಮೇಲೊಂದು, ನಮ್ಮ ಶಾಲೆಯಲ್ಲಿ ಸ್ವಾತಂತ್ರ್ಯ ದಿನಕ್ಕೆ ಕಟ್ಟುತ್ತಿದ್ದ ಹಾಗೆ. ಸ್ವಂತ ಬಟ್ಟೆ ಕಟ್ಟಬಾರದೆಂದು ಬೋರ್ಡು. ನಿಜ ಹೇಳುತ್ತೇನೆ, ನನಗೆ ಮೊದಲು ಉಸಿರು ಸಲೀಸಾಯಿತು. ಅಬ್ಬ, ಇಲ್ಲಾದರೂ ಶುಚಿ ಇದೆಯಲ್ಲ ಎಂದುಕೊಂಡೆ.

ಅಜ್ಜಿಯ ಮುಖ ನೋಡಿದೆ. ಸುಣ್ಣ ಬಳಿದಂತಾಗಿತ್ತು.

“ನಮ್ಮ ಬಟ್ಟೆಗಳೆಲ್ಲ ಎಲ್ಲಿ?”

“ತೆಗೆಸಿಬಿಟ್ವಿ,” ಎಂದಳು ಮನೆಯೊಡತಿ, ಹಬ್ಬಕ್ಕೆ ಮನೆ ಸಾರಿಸಿದವಳ ಹೆಮ್ಮೆಯಲ್ಲಿ. “ಎಷ್ಟು ಹೊಲಸಾಗಿತ್ತು ಗೊತ್ತಾ? ಒಳಚಡ್ಡಿಗಳು ಕೂಡ ಇದ್ದವು. ಬಂದವರು ಫೋಟೋ ತೆಗೆಯೋಕೂ ಹೇಸ್ತಿದ್ರು. ಈಗ ನೋಡಿ. ಬೇಕಾದ್ರೆ ನೀವೂ ಒಂದು ರಿಬ್ಬನ್ನು ಕಟ್ಟಬಹುದು, ಅಂಗಡಿಯಲ್ಲಿ ಸಿಗುತ್ತೆ.” ನನ್ನ ಕಡೆ ತಿರುಗಿದಳು. “ನೀನೇ ಹೇಳಮ್ಮ. ತೊಳೆದ ಲೋಟವನ್ನೇ ಮತ್ತೆ ತೊಳೀತೀಯ. ಹೀಗಿದ್ರೇ ಚೆನ್ನ ಅಲ್ವಾ?”

ಅವಳ ಜಾಗದಲ್ಲಿ ನಾನಿದ್ದಿದ್ದರೆ ಎರಡು ಬಕೆಟ್ ನೀರು ಹೆಚ್ಚಿಗೆ ಸುರಿಸುತ್ತಿದ್ದೆನೇನೋ.

ಅಜ್ಜಿ ಬೇಲಿಯ ಸರಳಿನೊಳಗೆ ಕೈ ಹಾಕಿ ಒಂದು ರಿಬ್ಬನ್ನನ್ನು ಬೆರಳಲ್ಲಿ ಉಜ್ಜಿದರು. “ನೈಲಾನು,” ಎಂದರು. “ಇದು ಯಾವತ್ತು ಕೊಳೆಯುತ್ತೆ?”

“ಕೊಳೆಯಲ್ಲ. ಅದಕ್ಕೇ ಹಾಕಿದ್ದು. ಮಳೆಗೂ ಬಣ್ಣ ಬಿಡಲ್ಲ.”

“ಕೊಳೆಯದೆ ಇದ್ದರೆ ಕಾಯಿಲೆ ಹೋಗೋದು ಹೇಗೆ?”

ಮನೆಯೊಡತಿ ನಕ್ಕಳು, ಮಕ್ಕಳ ಮಾತಿಗೆ ನಗುವ ಹಾಗೆ. ಆ ನಗುವಿಗೆ ನನ್ನ ಮೈಯೆಲ್ಲ ಉರಿಯಿತು. ಯಾವ ಯಾವ ತಾಯಿ ಯಾವ ಯಾವ ಮಗುವಿನ ಜ್ವರವನ್ನು ಅಲ್ಲಿ ಕಟ್ಟಿಟ್ಟು ಹೋಗಿದ್ದಳೋ. ಅದನ್ನು ಕತ್ತರಿಸಿ ಬಿಸಾಕಿ, ಆ ಜಾಗದಲ್ಲಿ ಫೋಟೋಕ್ಕೆ ಬಣ್ಣದ ದಾರ ಕಟ್ಟಿದ್ದಾರೆ. ನಾಯಿ ನೆಕ್ಕಿದ ತಟ್ಟೆಗಿಂತ, ಆ ರಕ್ತದ ಬಿಲ್ಲೆಗಿಂತ, ಹೊಳೆಯುವ ಆ ರಿಬ್ಬನ್ನುಗಳೇ ನನಗೆ ಹೆಚ್ಚು ಅಸಹ್ಯವಾದವು.

“ತೆಗೆಸಿದ್ದನ್ನ ಎಲ್ಲಿ ಹಾಕಿದಿರಿ?” ಎಂದು ಕೇಳಿದೆ.

“ಗಿರಣಿ ಹಿಂದೆ, ಹಳ್ಳದಲ್ಲಿ. ಯಾಕೆ?”

“ಸುಮ್ನೆ ಕೇಳಿದೆ.”

ಬಾವಿಯ ನೀರನ್ನು ಅಜ್ಜಿ ಒಂದು ಬಾಟಲಿಗೆ ತುಂಬಿಸಿಕೊಂಡರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮನೆಯೊಡತಿ ಬಾಣಲೆ ಇಡುವ ಹೊತ್ತಿಗೆ ಇಬ್ಬರೂ ಹೊರಟೆವು. ಗಿರಣಿಯ ಹಿಂದೆ ಮೋಟು ಕಲ್ಲುಗೋಡೆ, ಅದರಾಚೆ ಇಳಿಜಾರು, ಕೆಳಗೆ ಹಳ್ಳ. ವಾಸನೆ ಗೋಡೆಯ ಹತ್ತಿರಕ್ಕೇ ಬಂದು ಎದುರುಗೊಂಡಿತು. ಒಂದು ಗಾಡಿಯಷ್ಟು ಚಿಂದಿ ಮಳೆಗೆ ನೆನೆದು ಕಪ್ಪಾಗಿ ರಾಶಿಯಾಗಿತ್ತು. ಊರಿನ ಉಳಿದ ಕಸವನ್ನೂ ಅದರ ಮೇಲೆಯೇ ಸುರಿದಿದ್ದರು, ಮೀನಿನ ತಲೆ, ಹಳೆಯ ಡಬ್ಬಿಗಳು. ರಾಶಿಯ ಪಕ್ಕದಲ್ಲೇ ಅದೇ ಜಾತಿಯ ಒಂದು ಮುಳ್ಳುಗಿಡ, ಸೊಂಟದೆತ್ತರದ್ದು, ಹಕ್ಕಿಯೋ ಏನೋ ಬೀಜ ತಂದು ಹಾಕಿದ್ದು.

ಅಜ್ಜಿ ಗೋಡೆಯ ಕಲ್ಲು ಹಿಡಿದು ಒಂದು ಕಾಲು ಕೆಳಗಿಟ್ಟರು. ಮಂಡಿ ನಿಲ್ಲಲಿಲ್ಲ. ಮತ್ತೆ ಪ್ರಯತ್ನಿಸಿದರು. ಜಾರಿದರು, ನಾನು ತೋಳು ಹಿಡಿದುಕೊಂಡೆ. ಅಲ್ಲೇ ಗೋಡೆಗೆ ಒರಗಿ ಕೂತುಬಿಟ್ಟರು. “ಇಷ್ಟು ದೂರ ಬಂದು,” ಎಂದರು. ಮುಂದಿನ ಮಾತು ಹೊರಡಲಿಲ್ಲ. ಆ ಗಳಿಗೆಯಲ್ಲಿ ಅವರ ಬಾಯಿ ಅವರ ಗಂಡನ ಬಾಯಿಯ ಹಾಗೇ ಕಂಡಿತು.

ಕವರು ಈಚೆ ಕೊಡಿ ಎಂದೆ.

“ನೀನಾ? ನೀನು ನಮ್ಮನೆ ಬಾಗಿಲ ಹಿಡಿ ಮುಟ್ಟಿದ್ರೂ ಕೈ ತೊಳೀತೀಯ.”

“ಕೊಡಿ ಅಜ್ಜಿ, ಮನಸ್ಸು ಬದಲಾಗೋ ಮುಂಚೆ.”

ಅಂಗಿಯ ಚೂರು ತಣ್ಣಗಿತ್ತು. ಇಷ್ಟು ದಿನ ಕವರಿನಲ್ಲಿ ಮುಚ್ಚಿಟ್ಟು ಹುಳಿ ಬೆವರಿನ ವಾಸನೆ ಹಾಗೇ ಇತ್ತು. ಬಾಟಲಿಯ ನೀರಿನಲ್ಲಿ ನೆನೆಸಿದೆವು. “ಬರಿಗಾಲಲ್ಲಿ ಹೋಗಬೇಕು,” ಎಂದರು ಅಜ್ಜಿ, ಸಂಕೋಚದಿಂದ. ಅದೊಂದು ಬಾಕಿ ಇತ್ತು. ಚಪ್ಪಲಿ ಗೋಡೆಯ ಮೇಲಿಟ್ಟು, ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ ಇಳಿದೆ.

ಕಾಲು ಕಣಕಾಲಿನವರೆಗೂ ಹೂತುಹೋಯಿತು. ಬೆರಳ ಸಂದಿಯಲ್ಲಿ ಏನೋ ಜಿಗುಟು, ಏನೋ ಮೆತ್ತಗಿನದು. ಕಪಿಲೆಯ ಆ ಬಟ್ಟೆಯೇ ಕಾಲಿಗೆ ಸುತ್ತಿಕೊಂಡಂತಾಯಿತು, ಈ ಸಲ ಒದರಿಕೊಂಡು ಓಡುವ ಹಾಗಿರಲಿಲ್ಲ. ಪಾದದ ಮೇಲೆ ಚಿಪ್ಪಿಲ್ಲದ ಬಸವನಹುಳು ಹತ್ತಿತು. ಬಾಯಲ್ಲಿ ಹುಳಿ ನೀರು ಬಂತು. ಮೂಗು ಮುಚ್ಚಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ನಂಜುಂಡೇಶ್ವರಾ, ವಿಷ ಕುಡಿದವನು ನೀನು, ನಿನಗೆ ಇದೆಲ್ಲ ಅಭ್ಯಾಸ, ನನಗಿಲ್ಲ, ಬೇಗ ಮುಗಿಸು ಎಂದು ಬೇಡಿಕೊಂಡೆ.

ಮೇಲಿಂದ ಅಜ್ಜಿ ಜಪಮಾಲೆ ಹಿಡಿದು ನಿರ್ದೇಶನ ಕೊಡುತ್ತಿದ್ದರು. “ಗಿಡವನ್ನ ಮೂರು ಸುತ್ತು ಸುತ್ತು. ಸೂರ್ಯ ಹೋಗೋ ದಿಕ್ಕಿಗೆ!”

“ಗೊತ್ತು, ನಮ್ಮಲ್ಲೂ ಅದೇ ದಿಕ್ಕು!”

“ಗಂಟು ಬಿಗೀಬೇಡ! ಅವರ ನಾಲಿಗೆ ಇನ್ನೂ ಬಿಗಿಯುತ್ತೆ!”

ಮೂರು ಪ್ರದಕ್ಷಿಣೆ ಹಾಕಿ, ಗಿಡದ ಕೊಂಬೆಗೆ ಚೂರನ್ನು ಸಡಿಲವಾಗಿ ಕಟ್ಟಿದೆ. ಮುಳ್ಳು ಬೆರಳಿಗೆ ಚುಚ್ಚಿತು. ಕೆಳಗೆ ನೋಡಿದರೆ ರಾಶಿಯಲ್ಲಿ ಮಗುವಿನ ಕುಲಾವಿಯೊಂದು, ದಾರದಾರವಾಗಿ ಬಿಟ್ಟುಕೊಂಡು ಮಣ್ಣಾಗುತ್ತಿತ್ತು. ಅದರ ಕೆಲಸ ಅದು ಮಾಡುತ್ತಲೇ ಇತ್ತು. ಕಮಿಟಿಯವರು ಜಾಗ ಬದಲಾಯಿಸಿದ್ದು ಅದಕ್ಕೆ ತಿಳಿದೇ ಇರಲಿಲ್ಲ.

ಮೇಲೆ ಹತ್ತಿ ಬಂದು ಗೋಡೆಯ ಪಕ್ಕ ವಾಂತಿ ಮಾಡಿದೆ. ಅಜ್ಜಿ ಬೆನ್ನು ಸವರಿದರು. ಉಳಿದಿದ್ದ ಬಾವಿಯ ನೀರಿನಲ್ಲಿ ನನ್ನ ಕಾಲನ್ನು ತಾವೇ ತೊಳೆಯಲು ಬಗ್ಗಿದರು, ನಾನು ಬಿಡಲಿಲ್ಲ, ಹಿರಿಯರು.

ಮನೆಯೊಡತಿ ಬಾಗಿಲಲ್ಲೇ ಮೂಗು ಹಿಡಿದುಕೊಂಡಳು. “ಅಯ್ಯೋ, ಇಷ್ಟು ಬೆಳಿಗ್ಗೆ ಎಲ್ಲಿಗೆ ಹೋಗಿದ್ರಿ?”

“ಊರಿನ ಪರಂಪರೆ ನೋಡೋಕೆ,” ಎಂದರು ಅಜ್ಜಿ. “ನಿನ್ನೆ ಒಂದು ಬಿಟ್ಟುಹೋಗಿತ್ತು.”

ಆ ಗುಲಾಬಿ ಕಾರ್ಪೆಟ್ಟಿನ ಬಚ್ಚಲಿನಲ್ಲಿ ತಲೆಗೂ ನೀರು ಹಾಕಿಕೊಂಡು ಮಿಂದೆ. ಬಿಸಿನೀರು ನಡುವೆ ನಿಲ್ಲಲಿಲ್ಲ. ಅದೂ ಒಂದು ಉಪಕಾರ.

ಅಜ್ಜಿಯನ್ನು ಲಂಡನ್ನಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಮಾನ ಹತ್ತಿಸಿ ನಾನು ಮೈಸೂರಿಗೆ ಹೋದೆ. ಮದುವೆ ಮುಗಿಸಿ ಫಾಸ್ಟರ್ ಸಿಟಿಗೆ ವಾಪಸು ಬರುವಾಗ ಬೇಸಿಗೆ ಕಳೆದಿತ್ತು. ಅಜ್ಜ ಹಾಗೆಯೇ ಇದ್ದರು, ಕುರ್ಚಿಯಲ್ಲಿ, ಕತ್ತಿಗೆ ಟವೆಲು ಕಟ್ಟಿಕೊಂಡು. ಲಿವರ್‌ಮೋರಿನಲ್ಲಿ ದೇವಸ್ಥಾನ ಇನ್ನೂ ಕಟ್ಟುತ್ತಿದ್ದರು. ಅಲ್ಲಿಗೆ ಹೋದಾಗ ಅಜ್ಜನ ಹೆಸರಿನಲ್ಲೂ ಒಂದು ಅರ್ಚನೆ ಮಾಡಿಸಿದೆ. ಯಾವ ಗೋತ್ರ ಎಂದು ಕೇಳಿದರು. ಶಿವ ಗೋತ್ರ ಎಂದೆ.

ಮಳೆಗಾಲ ಹಿಡಿದ ಮೇಲೆ ಒಂದು ಸಂಜೆ, ಸ್ನಾನ ಮಾಡಿ ದೀಪಕ್ಕೆ ಎಣ್ಣೆ ಹಾಕುತ್ತಿದ್ದೆ. ಹಿಂದಿನ ಬಾಗಿಲನ್ನು ಯಾರೋ ಬಡಿಬಡಿದರು. ಮಗಳು ಹೋಗಿ ತೆಗೆದಳು. “ಮಾಮ್, ಇಟ್ಸ್ ಗ್ರ್ಯಾನಿ. ಶಿ ಈಸ್ ಕ್ರೈಯಿಂಗ್.”

ಎಣ್ಣೆಯ ಬಟ್ಟಲನ್ನು ಅಲ್ಲೇ ಇಟ್ಟು ಓಡಿದೆ. ಅಜ್ಜಿ ಮಂಡಿನೋವು ಮರೆತು, ಮನೆಯೊಳಗಿನ ಸ್ಲಿಪ್ಪರಿನಲ್ಲೇ ಒದ್ದೆ ಹುಲ್ಲು ದಾಟಿ ಓಡಿ ಬಂದಿದ್ದರು. ಅಳುತ್ತಿದ್ದರು, ನಗುತ್ತಲೂ ಇದ್ದರು.

“ಮಾತಾಡಿದರು ಕಣೆ! ಬಟಾಣಿ ಅರೆದು ತಿನ್ನಿಸ್ತಿದ್ದೆ. ಥೂ ಅಂತ ನನ್ನ ಮುಖದ ಮೇಲೇ ಉಗಿದು, ಬೈದ್ರು!”

“ಏನಂತ ಬೈದ್ರು?”

ಅಜ್ಜಿ ನನ್ನ ಮಗಳ ಕಡೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದರು. ಅವರ ಕೆನ್ನೆಯ ಮೇಲೆ ಹಸಿರು ಬಟಾಣಿಯ ಎಂಜಲು ಇನ್ನೂ ಅಂಟಿತ್ತು, ನನ್ನ ಕೆನ್ನೆಗೂ ತಾಗಿತು. ಜನ್ಮದಲ್ಲಿ ಅಂಥ ಹೊಲಸು ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. “ಇನ್ನೊಂದ್ಸಲ ಹೇಳ್ತಾರಾ ನೋಡ್ತೀನಿ,” ಎಂದು ಅಜ್ಜಿ ಬಂದ ಹಾಗೇ ಓಡಿದರು.

ಮನೆಯವರು ಆಫೀಸಿನಿಂದ ಬಂದ ಮೇಲೆ ಹೇಳಿದೆ. “ಆ ಥೆರಪಿ ಹುಡುಗಿ ಕೆಲಸ ಮಾಡಿದಾಳೆ,” ಎಂದರು. ಇರಬಹುದು.

“ಅದೆಂಥ ಪದ ಅಂದ್ರು?”

“ಹೇಳಕ್ಕಾಗಲ್ಲ ರೀ.”

“ಅಯ್ಯೋ, ಹೇಳೇ.”

ಮಗಳು ಟೀವಿ ಮುಂದೆ ಇರುವುದನ್ನು ನೋಡಿಕೊಂಡು, ಅಡುಗೆಮನೆಯ ಬಾಗಿಲು ಹಾಕಿ, ಅವರ ಕಿವಿಯಲ್ಲಿ ಹೇಳಿದೆ. ಅವರು ಹಾಗೇ ಬಾಯಿ ತೆರೆದುಕೊಂಡು ನಿಂತರು. ಆಮೇಲೆ ನಾನು ಮುಖ ತೊಳೆದು, ಬಾಯಿ ಮುಕ್ಕಳಿಸಿ ಬಂದು, ಆವತ್ತು ತಡವಾಗಿ ದೀಪ ಹಚ್ಚಿದೆ. ಉಪಕಾರಗಳ ಲೆಕ್ಕ ಹೇಳುವಾಗ ಆ ಮಾತನ್ನೂ, ಹೇಗಿತ್ತೋ ಹಾಗೇ, ದೇವರ ಮುಂದೆ ಇಟ್ಟೆ.